ತರಂಗಂಬಾಡಿಯ ಮರಳ ಪಾಠ

ನಮ್ಮ ಕೊಡಗಿನಲ್ಲಿ ಹುಟ್ಟುವ ಕಾವೇರಿ ಕಡಲು ಸೇರುವುದು ಪೂಂಪುಹಾರಿನಲ್ಲಿ. ಅಲ್ಲಿಂದ ಕೆಲವೇ ಹರದಾರಿ ದಕ್ಷಿಣಕ್ಕೆ, ಈಗಿನ ಮಯಿಲಾಡುತುರೈ ಜಿಲ್ಲೆಯಲ್ಲಿ, ತರಂಗಂಬಾಡಿ ಎಂಬ ಪುಟ್ಟ ಊರಿದೆ. ಅಲೆಗಳು ಹಾಡುವ ಊರು ಎಂದು ಹೆಸರಿನ ಅರ್ಥ ಹೇಳುವುದುಂಟು. ಯುರೋಪಿನವರ ನಾಲಿಗೆಯಲ್ಲಿ ಅದು ಟ್ರಾಂಕೆಬಾರ್ ಆಯಿತು. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನಿಂದ ಡೆನ್ಮಾರ್ಕಿನ ವ್ಯಾಪಾರಿಗಳು ಈ ಜಾಗವನ್ನು ಪಡೆದು, ಕಡಲ ದಂಡೆಯಲ್ಲಿ ಡಾನ್ಸ್‌ಬೋರ್ಗ್ ಎಂಬ ಕೋಟೆ ಕಟ್ಟಿಕೊಂಡು, ಮೆಣಸು ಮತ್ತು ಬಟ್ಟೆಯ ವ್ಯಾಪಾರದಲ್ಲಿ ತೊಡಗಿದ್ದರು. ಸುಮಾರು ಎಂಬತ್ತೈದು ವರ್ಷ ಧರ್ಮಪ್ರಚಾರದ ಗೊಡವೆಗೆ ಅವರು ಹೋಗಲಿಲ್ಲ. ಲಾಭ ನಷ್ಟದ ಲೆಕ್ಕದಲ್ಲೇ ಅವರ ಕಾಲ ಕಳೆಯುತ್ತಿತ್ತು.

1706ರ ಜುಲೈ 9ರಂದು ಇಬ್ಬರು ಜರ್ಮನ್ ತರುಣರು ಇಲ್ಲಿ ಹಡಗಿನಿಂದಿಳಿದರು. ಒಬ್ಬ ಬಾರ್ಥೊಲೊಮೇಯಸ್ ಜೀಗೆನ್‌ಬಾಲ್ಗ್, ಇನ್ನೊಬ್ಬ ಹೈನ್ರಿಷ್ ಪ್ಲುಟ್ಶೌ. ಜೀಗೆನ್‌ಬಾಲ್ಗನಿಗೆ ಆಗ ಇಪ್ಪತ್ನಾಲ್ಕು ವರ್ಷ. ಇವರನ್ನು ಕಳುಹಿಸಿದವನು ಡೆನ್ಮಾರ್ಕಿನ ದೊರೆ ನಾಲ್ಕನೆಯ ಫ್ರೆಡರಿಕ್. ಭಾರತಕ್ಕೆ ಬಂದ ಮೊದಲ ಪ್ರಾಟೆಸ್ಟಂಟ್ ಮಿಷನ್ ಎಂದು ಚರಿತ್ರೆ ಗುರುತಿಸುವುದು ಇದನ್ನೇ. ಸಾಗರದಾಚೆಯ ಮಕ್ಕಳಿಗೆ ಅಕ್ಷರ ಕಲಿಸಲು ತಮ್ಮ ಊರಿನಲ್ಲಿ ಕಾಸು ಕೂಡಿಸುವ ಪದ್ಧತಿಯನ್ನು ಲೂಥರನ್ ಪಂಥದವರು ಮೊಟ್ಟಮೊದಲು ವ್ಯವಸ್ಥಿತವಾಗಿ ನಡೆಸಿದ್ದೂ ಈ ಊರಿಗಾಗಿಯೇ.

ಬಂದವರು ದೇವಾಲಯ ಕಟ್ಟುವುದನ್ನು ಬಿಟ್ಟು ಮೊದಲು ಶಾಲೆಯನ್ನೇ ಏಕೆ ತೆರೆದರು ಎಂಬ ಪ್ರಶ್ನೆಗೆ ಉತ್ತರ ಜರ್ಮನಿಯಲ್ಲಿದೆ. ಧರ್ಮಗ್ರಂಥವನ್ನು ಪ್ರತಿಯೊಬ್ಬನೂ ತನ್ನ ಭಾಷೆಯಲ್ಲಿ ತಾನೇ ಓದಬೇಕೆಂಬುದು ಮಾರ್ಟಿನ್ ಲೂಥರನ ಮೂಲ ವಾದ. ಓದಬೇಕಾದರೆ ಅಕ್ಷರ ಬೇಕು. ಅದಕ್ಕಾಗಿಯೇ ಆತ 1524ರಲ್ಲಿ ಶಾಲೆಗಳನ್ನು ತೆರೆಯಿರೆಂದು ಜರ್ಮನಿಯ ನಗರಸಭೆಗಳಿಗೆ ಬರೆದ. 1529ರಲ್ಲಿ ಮನೆಮಂದಿಯೂ ಮಕ್ಕಳೂ ಬಾಯಿಪಾಠ ಮಾಡಬಹುದಾದ ಕಿರು ಪ್ರಶ್ನೋತ್ತರ ಪುಸ್ತಕವೊಂದನ್ನು ರಚಿಸಿದ. ಆದರೆ ನೂರೈವತ್ತು ವರ್ಷ ಕಳೆಯುವಷ್ಟರಲ್ಲಿ ಈ ಹುರುಪು ಆರಿತ್ತು. ಅದನ್ನು ಮತ್ತೆ ಹೊತ್ತಿಸಿದವನು ಹಾಲೆ ಎಂಬ ಊರಿನ ಪಾದ್ರಿ ಆಗಸ್ಟ್ ಹೆರ್ಮನ್ ಫ್ರಾಂಕೆ. 1695ರಲ್ಲಿ ತನ್ನ ಮನೆಯ ಕಾಣಿಕೆ ಡಬ್ಬಿಯಲ್ಲಿ ಸಿಕ್ಕ ನಾಲ್ಕು ಥೇಲರ್ ಹದಿನಾರು ಗ್ರೋಷನ್ ಹಣವನ್ನೇ ಬಂಡವಾಳ ಮಾಡಿಕೊಂಡು ಆತ ಬಡಮಕ್ಕಳಿಗೊಂದು ಶಾಲೆ ತೆರೆದ. ಕೆಲವೇ ವರ್ಷಗಳಲ್ಲಿ ಅದು ಅನಾಥಾಲಯ, ಮುದ್ರಣಾಲಯ, ಔಷಧಾಲಯಗಳೆಲ್ಲ ಸೇರಿದ ಒಂದು ಊರಿನಂತೆ ಬೆಳೆಯಿತು. ತರಂಗಂಬಾಡಿಗೆ ಬಂದವರು ಹಾಲೆಯ ಈ ಗಾಳಿ ಕುಡಿದವರು. ಬಡ ಮಗುವಿಗೆ ಊಟ, ಬಟ್ಟೆ, ಅಕ್ಷರ, ದೈವಭಕ್ತಿ ಒಂದೇ ಸೂರಿನಡಿ ದೊರಕಬೇಕು ಎಂಬ ಮಾದರಿಯನ್ನು ಅವರು ಹೊತ್ತು ತಂದಿದ್ದರು.

ಆದರೆ ಕಲಿಸಲು ಬಂದವನು ಮೊದಲು ಕಲಿಯಬೇಕಾಯಿತು. ತಮಿಳು ಬರದೆ ಇಲ್ಲಿ ಒಂದು ಹೆಜ್ಜೆಯೂ ಇಡಲಾಗದೆಂದು ಜೀಗೆನ್‌ಬಾಲ್ಗನಿಗೆ ಬೇಗ ತಿಳಿಯಿತು. ಆತ ಮಾಡಿದ ಉಪಾಯ ಸ್ವಾರಸ್ಯಕರವಾಗಿದೆ. ಊರಿನ ಒಬ್ಬ ವಯಸ್ಸಾದ ಉಪಾಧ್ಯಾಯರನ್ನು ಅವರ ಶಿಷ್ಯರ ಸಮೇತ ತನ್ನ ಮನೆಗೇ ಬರಮಾಡಿಕೊಂಡು, ಮಕ್ಕಳ ಸಾಲಿನಲ್ಲಿ ತಾನೂ ನೆಲದ ಮೇಲೆ ಕುಳಿತು, ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದತೊಡಗಿದ. ನಮ್ಮ ಕೂಲಿಮಠಗಳ ಕಥೆಯನ್ನು ಹಿರಿಯರ ಬಾಯಲ್ಲಿ ಕೇಳಿದವರಿಗೆ ಈ ಚಿತ್ರ ಹೊಸದಲ್ಲ. ತಮಿಳು ನಾಡಿನಲ್ಲಿ ಅದಕ್ಕೆ ತಿಣ್ಣೈ ಪಳ್ಳಿಕ್ಕೂಡಂ, ಅಂದರೆ ಜಗಲಿಯ ಶಾಲೆ ಎಂದು ಹೆಸರು. ಮೊದಲು ಮರಳು, ಕೈ ಕುದುರಿದ ಮೇಲೆ ಓಲೆಗರಿ ಮತ್ತು ಕಂಠ. ಗಟ್ಟಿಯಾಗಿ ಹೇಳಿಕೊಳ್ಳುತ್ತ ಬರೆಯುವುದು, ಬರೆಯುತ್ತ ಹೇಳಿಕೊಳ್ಳುವುದು. ಹಲವು ಭಾಷೆ ಬಲ್ಲ ಅಳಗಪ್ಪನ್ ಎಂಬ ದುಭಾಷಿಯೂ ಅವನ ನೆರವಿಗೆ ಸಿಕ್ಕಿದ.

ಎರಡು ವರ್ಷ ಕಳೆಯುವಷ್ಟರಲ್ಲಿ, 1708ರಲ್ಲಿ, ಜೀಗೆನ್‌ಬಾಲ್ಗ್ ತಾನು ಕೂಡಿಸಿದ ತಮಿಳು ಗ್ರಂಥಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದ. ಅದರಲ್ಲಿ 119 ತಮಿಳು ಕೃತಿಗಳ ವಿವರಣೆಯಿದೆ. ಅದೇ ವರ್ಷ ಆತ ಜರ್ಮನ್ ಭಾಷೆಗೆ ಅನುವಾದಿಸಿದ ಮೂರು ಪುಸ್ತಕಗಳು ಯಾವುವು ಎಂಬುದು ಇನ್ನೂ ಗಮನಾರ್ಹ: ನೀತಿವೆಣ್ಬಾ, ಕೊನ್ರೈ ವೇಂದನ್, ಉಲಗನೀತಿ. ಮೂರೂ ನೀತಿ ಬೋಧಿಸುವಂಥವು. ಜಗಲಿ ಶಾಲೆಯ ಎಳೆಯರು ಉರು ಹೊಡೆಯುತ್ತಿದ್ದ ಪುಸ್ತಕಗಳು ಇಂಥವೇ. ‘ಅಜ್ಞಾನಿ’ಗಳ ಮಕ್ಕಳನ್ನು ತಿದ್ದಲು ಬಂದವನಿಗೆ, ಆ ಮಕ್ಕಳಿಗೆ ಆಗಲೇ ಒಂದು ಪಠ್ಯವೂ ಒಂದು ನೀತಿಶಾಸ್ತ್ರವೂ ಇದೆಯೆಂಬುದು ಗೊತ್ತಾಗಿತ್ತು. ಅದನ್ನು ಆತ ಮುಚ್ಚಿಡದೆ ಯುರೋಪಿಗೆ ಬರೆದ. 1713ರಲ್ಲಿ ತಮಿಳರ ದೇವದೇವತೆಗಳ ವಂಶಾವಳಿಯ ಬಗ್ಗೆ ಒಂದು ದೊಡ್ಡ ಗ್ರಂಥವನ್ನೇ ಬರೆದು ಕಳುಹಿಸಿದಾಗ, ಅಲ್ಲಿಯ ಸುಳ್ಳು ಮತವನ್ನು ಕಿತ್ತೊಗೆಯಲು ನಿಮ್ಮನ್ನು ಕಳುಹಿಸಿದ್ದೇ ಹೊರತು ಅದನ್ನು ಇಲ್ಲಿ ಹರಡಲಲ್ಲ ಎಂಬರ್ಥದ ಉತ್ತರ ಹಾಲೆಯಿಂದ ಬಂತೆಂದು ಹೇಳುತ್ತಾರೆ. ಆ ಗ್ರಂಥ ಅಚ್ಚಾಗಲು 1867ರವರೆಗೆ ಕಾಯಬೇಕಾಯಿತು, ಅಚ್ಚಾದದ್ದು ಮದರಾಸಿನಲ್ಲಿ.

1707ರಲ್ಲೇ ಶಾಲೆಗಳು ಆರಂಭವಾಗಿದ್ದವು. ಆ ವರ್ಷದ ಮೇ ತಿಂಗಳಲ್ಲಿ ದೀಕ್ಷಾಸ್ನಾನ ಪಡೆದ ಮೊದಲ ಐವರು ಡೇನರ ಮನೆಗಳ ಗುಲಾಮರು. ಶಾಲೆಗೆ ಮೊದಲು ಬಂದ ಮಕ್ಕಳೂ ಇಂಥ ಮನೆಗಳವರು, ಅನಾಥರು, ಕೂಳಿಗಿಲ್ಲದವರು. ತಮಿಳು ಮಕ್ಕಳಿಗೊಂದು ಶಾಲೆ, ಪೋರ್ಚುಗೀಸ್ ಮಾತನಾಡುವವರಿಗೊಂದು, ಡೇನರ ಮಕ್ಕಳಿಗೊಂದು. ಹೆಣ್ಣುಮಕ್ಕಳಿಗೂ ಪ್ರತ್ಯೇಕ ಶಾಲೆ ತೆರೆದರು. ಭಾರತದ ಮೊದಲ ಹೆಣ್ಣುಮಕ್ಕಳ ಶಾಲೆ ಇದೇ ಎಂದು ಮಿಷನ್ನಿನ ಚರಿತ್ರಕಾರರು ಹೇಳುವುದುಂಟು. ‘ಮೊದಲ’ ಎಂಬ ಮಾತನ್ನು ಎಚ್ಚರಿಕೆಯಿಂದ ಬಳಸಬೇಕು. ಆದರೆ ಅದು ಎಂಥ ಸಾಹಸವೆಂದು ತಿಳಿಯಲು ಅಂದಿನ ಒಂದು ಸಂಗತಿ ನೆನಪಿಟ್ಟುಕೊಂಡರೆ ಸಾಕು: ಆ ಸೀಮೆಯಲ್ಲಿ ಓದು ಬರಹ ಕಲಿತ ಹೆಂಗಸರೆಂದರೆ ಹೆಚ್ಚಾಗಿ ದೇವಸ್ಥಾನದ ನರ್ತಕಿಯರು. ಹೀಗಾಗಿ ಮಗಳ ಕೈಗೆ ಓಲೆಗರಿ ಕೊಡಲು ಗೃಹಸ್ಥರು ಹಿಂಜರಿಯುತ್ತಿದ್ದರು. ಮಿಷನ್ ಶಾಲೆಯ ಹುಡುಗಿಯರಿಗೆ ಓದಿನೊಂದಿಗೆ ನೂಲುವುದನ್ನೂ ಹೊಲಿಗೆಯನ್ನೂ ಕಲಿಸುತ್ತಿದ್ದರು.

ಊರಿನವರು ಈ ಶಾಲೆಯನ್ನು ಹೇಗೆ ಕಂಡರು? ಇದಕ್ಕೆ ಅಪರೂಪದ ದಾಖಲೆಯೊಂದಿದೆ. 1712ರಿಂದ 1714ರ ಅವಧಿಯಲ್ಲಿ ಮಿಷನರಿಗಳು ತಮಿಳರಿಗೆ ನಾನಾ ಪ್ರಶ್ನೆಗಳನ್ನು ಬರೆದು ಕಳುಹಿಸಿ, ಬಂದ ಉತ್ತರಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಹಾಲೆಯಲ್ಲಿ ಅಚ್ಚು ಹಾಕಿಸಿದರು. ಒಟ್ಟು 99 ಪತ್ರಗಳು. ಕ್ರೈಸ್ತರ ಧರ್ಮದ ಮೇಲಿನ ವಾದಕ್ಕಿಂತ ಕ್ರೈಸ್ತರ ನಡತೆಯ ಮೇಲಿನ ಅಸಹ್ಯ ಅವುಗಳಲ್ಲಿ ಎದ್ದು ಕಾಣುತ್ತದೆ. ಕುಡಿತ, ಗೋಮಾಂಸ, ಮಡಿಯಿಲ್ಲದ ಬಾಳು. ಇಂಥವರ ಮನೆಯಲ್ಲಿ ಉಣ್ಣುವ ಮಗು ತಮ್ಮದಾಗಿ ಉಳಿದೀತೇ ಎಂಬುದು ತಂದೆ ತಾಯಂದಿರ ನಿಜವಾದ ಅಂಜಿಕೆ. ಅಂಜಿಕೆ ಸುಳ್ಳಾಗಿರಲೂ ಇಲ್ಲ. ಅನ್ನ ಕೊಟ್ಟವರು ಪ್ರಾರ್ಥನೆಯನ್ನೂ ಕಲಿಸುತ್ತಿದ್ದರು, ಮತ್ತು ಅದನ್ನು ಅವರು ಗುಟ್ಟಾಗಿ ಇಟ್ಟಿರಲಿಲ್ಲ.

ಪಾಠಕ್ಕೆ ಪುಸ್ತಕ ಬೇಕಲ್ಲ? ಲಂಡನ್ನಿನ ಕ್ರೈಸ್ತ ಜ್ಞಾನ ಪ್ರಸಾರ ಸಂಘ ಕಳುಹಿಸಿದ ಮುದ್ರಣಯಂತ್ರ 1712ರಲ್ಲಿ ಬಂದು ತಲುಪಿತು. ಅದರೊಂದಿಗೆ ಹೊರಟಿದ್ದ ಮುದ್ರಕ ದಾರಿಯಲ್ಲೇ ತೀರಿಕೊಂಡಿದ್ದ. ಮರುವರ್ಷ ಹಾಲೆಯಿಂದ ತಮಿಳು ಅಚ್ಚುಮೊಳೆಗಳು ಬಂದವು. ಅವು ದಪ್ಪನಾಗಿದ್ದು ಕಾಗದ ನುಂಗುತ್ತಿದ್ದುದರಿಂದ ಇಲ್ಲಿಯೇ ಸಣ್ಣ ಮೊಳೆ ಎರೆಯಬೇಕಾಯಿತು. ಲಂಡನ್ನಿನಿಂದ ಚೀಸ್ ತುಂಬಿ ಬಂದ ಸೀಸದ ಡಬ್ಬಿಗಳನ್ನೇ ಕರಗಿಸಿದರೆಂಬ ಮಾತು ಪ್ರಸಿದ್ಧವಾಗಿದೆ. 1715ರ ವೇಳೆಗೆ ತಮಿಳಿನಲ್ಲಿ ಹೊಸ ಒಡಂಬಡಿಕೆ ಅಚ್ಚಾಯಿತು.

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ? ದೊರೆ ತನ್ನ ಅಂಚೆ ಇಲಾಖೆಯ ಉತ್ಪನ್ನದಿಂದ ವರ್ಷಕ್ಕೆ 2000 ಥೇಲರುಗಳನ್ನು ಗೊತ್ತುಮಾಡಿದ್ದ. ಅದು ಸಾಲುತ್ತಿರಲಿಲ್ಲ. 1710ರಿಂದ ಹಾಲೆಯಲ್ಲಿ ಮಿಷನರಿಗಳ ಪತ್ರ ಮತ್ತು ದಿನಚರಿಗಳನ್ನು ಕಂತುಕಂತಾಗಿ ಅಚ್ಚು ಹಾಕಿ ಹಂಚತೊಡಗಿದರು. ‘ಹಾಲೆಯ ವರದಿ’ಗಳೆಂದು ಹೆಸರಾದ ಇವು ಅರವತ್ತು ವರ್ಷಕ್ಕೂ ಮಿಕ್ಕಿ, 1772ರವರೆಗೆ ನಡೆದವು. ಜರ್ಮನಿಯ ಯಾವುದೋ ಸಣ್ಣ ಊರಿನ ಜನ ತರಂಗಂಬಾಡಿಯ ಹುಡುಗರ ಸುದ್ದಿಯನ್ನು ಓದಿ ಕಾಸು ಕಳುಹಿಸುತ್ತಿದ್ದರು. ಇಂದು ದೂರದೇಶದ ಮಗುವೊಂದರ ಓದಿಗೆ ನೆರವಾಗಿ ಎಂದು ಭಾವಚಿತ್ರ ಸಮೇತ ಬರುವ ಮನವಿಗಳ ಪೂರ್ವಜ ಈ ವರದಿಗಳೆನ್ನಬಹುದು. ಅವುಗಳ ಗುಣದಂತೆ ದೋಷವೂ ಇವುಗಳಲ್ಲಿದೆ. ದಾನಿಯ ಮನಸ್ಸು ಕರಗಬೇಕಾದರೆ ಮಗು ದೀನವಾಗಿ ಕಾಣಬೇಕು, ಊರು ಕತ್ತಲಲ್ಲಿದ್ದಂತೆ ತೋರಬೇಕು. ಆ ಮಗು ಏನನ್ನು ಬಯಸಿತ್ತು ಎಂಬುದು ವರದಿಗಳ ಪುಟಗಳಲ್ಲಿ ಸಿಗುವುದು ಕಷ್ಟ.

ಹಣದ ವಿಷಯದಲ್ಲೇ ದೊಡ್ಡ ಜಗಳವೂ ಹುಟ್ಟಿತು. ಊರಿನಲ್ಲಿ ಕಂಪನಿಯ ಅಧಿಕಾರಿ ಹಾಸಿಯಸ್ ಮೊದಲಿನಿಂದಲೂ ವಿರೋಧಿ. 1708ರ ಕೊನೆಯಲ್ಲಿ ಜೀಗೆನ್‌ಬಾಲ್ಗನನ್ನು ಆತ ನಾಲ್ಕು ತಿಂಗಳು ಸೆರೆಯಲ್ಲಿಟ್ಟಿದ್ದ. ಅದಕ್ಕಿಂತ ನೋವಾದದ್ದು ಸ್ವಂತದವರ ಏಟು. ಮಿಷನ್ನಿನ ಮೇಲ್ವಿಚಾರಣೆಗೆ 1714ರಲ್ಲಿ ಕೋಪನ್‌ಹೇಗನ್ನಿನಲ್ಲಿ ಒಂದು ಮಂಡಳಿ ರಚನೆಯಾಯಿತು. ಅದರ ಕಾರ್ಯದರ್ಶಿ ಕ್ರಿಸ್ಟಿಯನ್ ವೆಂಟ್ ಎಂಬಾತನಿಗೆ ಶಾಲೆ, ಕಟ್ಟಡ, ಮಕ್ಕಳ ಊಟ ಬಟ್ಟೆಗಳ ಖರ್ಚೆಲ್ಲ ದಂಡವೆನಿಸಿತು. ಯೇಸುವಿನ ಶಿಷ್ಯರಂತೆ ಬರಿಗೈಯಲ್ಲಿ ಊರೂರು ಅಲೆದು ಬೋಧಿಸಬೇಕು, ಶಾಲೆ ಬೇಕಾದರೆ ಅಲ್ಲಿನವರೇ ಕಟ್ಟಿಕೊಳ್ಳಲಿ ಎಂಬುದು ಆತನ ವಾದ. ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ, ದೇಹದ ಸೇವೆಯನ್ನೂ ಆತ್ಮದ ಸೇವೆಯನ್ನೂ ಬೇರೆ ಮಾಡಲಾಗದು ಎಂಬ ಧಾಟಿಯಲ್ಲಿ ಇಲ್ಲಿಂದ ಉತ್ತರ ಹೋಯಿತು. ವೆಂಟನ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಪರದೇಶದ ದುಡ್ಡಿನ ಮೇಲೆ ನಿಂತ ಶಾಲೆ ಎಂದಿಗೂ ಊರಿನವರದಾಗದು ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಸಾವಿರಾರು ಮೈಲಿಯಾಚೆ ಕುಳಿತು ಅಂಥ ಪತ್ರ ಬರೆಯುವುದು ಸುಲಭ. ತಟ್ಟೆ ಹಿಡಿದು ನಿಂತ ಮಕ್ಕಳೆದುರು ಅದನ್ನು ಓದುವುದು ಕಷ್ಟ. ಈ ಪತ್ರಗಳ ಕಾವಿನಲ್ಲೇ ನವೆದು ಜೀಗೆನ್‌ಬಾಲ್ಗ್ 1719ರ ಫೆಬ್ರವರಿ 23ರಂದು ತೀರಿಕೊಂಡ. ವಯಸ್ಸು ಮೂವತ್ತಾರು. ಹಿಂದಿನ ವರ್ಷವಷ್ಟೇ ಪೂರ್ತಿಯಾಗಿದ್ದ ಹೊಸ ಜೆರುಸಲೇಮ್ ದೇವಾಲಯದಲ್ಲಿ ಅವನ ಸಮಾಧಿಯಿದೆ. ಸಂಗಾತಿ ಗ್ರುಂಡ್ಲರ್ ಮರುವರ್ಷ ಹೋದ. ಶಾಲೆಗಳು ಮಾತ್ರ ಉಳಿದವು.

ಜಾತಿಯ ಪ್ರಶ್ನೆಯೂ ಇವರನ್ನು ಬಿಡಲಿಲ್ಲ. ದೇವಾಲಯದಲ್ಲೇ ಜಾತಿವಾರು ಬೇರೆ ಬೇರೆ ಕುಳಿತುಕೊಳ್ಳುವ ಏರ್ಪಾಡಿತ್ತು. 1733ರಲ್ಲಿ ಆರೋನ್ ಎಂಬಾತನಿಗೆ ಪಾದ್ರಿ ದೀಕ್ಷೆ ಕೊಟ್ಟರು. ಭಾರತೀಯರಲ್ಲಿ ಮೊದಲ ಪ್ರಾಟೆಸ್ಟಂಟ್ ಪಾದ್ರಿ ಆತ. ಆತ ವೆಳ್ಳಾಳರ ಕುಲದವನು. ಅಷ್ಟೇ ದುಡಿದ, ಬಹುಶಃ ಹೆಚ್ಚೇ ದುಡಿದ ರಾಜನಾಯಕನ್ ಎಂಬ ಬೋಧಕನಿಗೆ ಆ ದೀಕ್ಷೆ ದೊರೆಯಲಿಲ್ಲ. ಆತ ಪರೆಯರವನು, ಅವನ ಕೈಯಿಂದ ಪ್ರಸಾದ ಸ್ವೀಕರಿಸಲು ಮೇಲಿನ ಕುಲದ ಕ್ರೈಸ್ತರು ಒಪ್ಪುತ್ತಿರಲಿಲ್ಲವಾದ್ದರಿಂದ ಮಿಷನರಿಗಳು ಹಿಂದೆ ಸರಿದರು.

ಈ ಪರಂಪರೆಯಲ್ಲಿ ಕನ್ನಡ ನಾಡಿಗೆ ಕಾಲಿಟ್ಟವನು ಕ್ರಿಸ್ಟಿಯನ್ ಫ್ರೆಡರಿಕ್ ಶ್ವಾರ್ಟ್ಸ್. 1750ರಲ್ಲಿ ತರಂಗಂಬಾಡಿಗೆ ಬಂದು, ಮುಂದೆ ತಿರುಚಿನಾಪಳ್ಳಿ, ತಂಜಾವೂರುಗಳಲ್ಲಿ ನೆಲೆಸಿ, 1798ರಲ್ಲಿ ತೀರಿಕೊಳ್ಳುವವರೆಗೆ ಒಮ್ಮೆಯೂ ಯುರೋಪಿಗೆ ಹಿಂದಿರುಗದ ಮನುಷ್ಯ. 1779ರಲ್ಲಿ ಮದರಾಸಿನ ಗವರ್ನರ್ ರಂಬೋಲ್ಡ್ ಈತನನ್ನು ಶ್ರೀರಂಗಪಟ್ಟಣಕ್ಕೆ ಹೈದರಾಲಿಯ ಬಳಿಗೆ ಸಂಧಾನಕ್ಕೆ ಕಳುಹಿಸಿದ. ಸಂಧಾನ ಫಲಿಸಲಿಲ್ಲ, ಮರುವರ್ಷವೇ ಯುದ್ಧ ಹೊತ್ತಿಕೊಂಡಿತು. ಆದರೆ ಶ್ವಾರ್ಟ್ಸನ ದಿನಚರಿಯ ಒಂದು ಟಿಪ್ಪಣಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ತನ್ನ ಸೀಮೆಯಲ್ಲಿ ಅನಾಥ ಮಕ್ಕಳು ಬೀದಿಪಾಲಾಗಕೂಡದೆಂದು ಹೈದರ್ ಅವರಿಗೆ ಊಟ ಬಟ್ಟೆ ಕೊಡಿಸುತ್ತಾನೆ, ಪುಟ್ಟ ಮರದ ಬಂದೂಕುಗಳನ್ನು ಕೊಟ್ಟು ಕವಾಯತು ಮಾಡಿಸುತ್ತಾನೆ ಎಂದು ಆತ ಮೆಚ್ಚಿ ಬರೆದಿದ್ದಾನೆ. ನಾವೂ ಹೀಗೆ ಮಾಡಿ, ಜೊತೆಗೆ ಧರ್ಮಬೋಧೆಯನ್ನೂ ಸೇರಿಸಬಾರದೇ ಎಂದು ಹಂಬಲಿಸಿದ್ದಾನೆ. ಅನಾಥನಿಗೆ ಅನ್ನವಿಕ್ಕುವವರು ಇಬ್ಬರೂ. ಒಬ್ಬನಿಗೆ ಸಿಪಾಯಿ ಬೇಕು, ಇನ್ನೊಬ್ಬನಿಗೆ ಭಕ್ತ ಬೇಕು.

ಹೊರಡುವಾಗ ಹೈದರ್ ದಾರಿಯ ಖರ್ಚಿಗೆಂದು ಮುನ್ನೂರು ರೂಪಾಯಿ ಕೊಡಿಸಿದ. ಶ್ವಾರ್ಟ್ಸ್ ಅದನ್ನು ಮದರಾಸು ಸರ್ಕಾರಕ್ಕೆ ಒಪ್ಪಿಸಲು ಹೋದ; ಅವರು ಬೇಡವೆಂದಾಗ, ಆ ಹಣವನ್ನು ತಂಜಾವೂರಿನಲ್ಲಿ ಬಡಮಕ್ಕಳ ಇಂಗ್ಲಿಷ್ ಶಾಲೆಗೆ ಮೂಲಧನವಾಗಿಸಲು ಕೇಳಿಕೊಂಡ. ಹಾಲೆಯ ಕಾಣಿಕೆ ಡಬ್ಬಿ, ಡೆನ್ಮಾರ್ಕಿನ ಅಂಚೆ ಹಣಗಳ ಸಾಲಿಗೆ ಶ್ರೀರಂಗಪಟ್ಟಣದ ಬೊಕ್ಕಸವೂ ಹೀಗೆ ಸೇರಿತು. ಯುದ್ಧದ ಕಾಲದಲ್ಲಿ ಈ ಪಾದ್ರಿಗೆ ಅಡ್ಡಿ ಮಾಡಬೇಡಿರೆಂದು ಹೈದರ್ ತನ್ನ ದಂಡಿಗೆ ಅಪ್ಪಣೆ ಮಾಡಿದ್ದ.

ಮುಂದೆ ಶ್ವಾರ್ಟ್ಸನೂ ತಂಜಾವೂರಿನ ರೆಸಿಡೆಂಟ್ ಜಾನ್ ಸಲ್ಲಿವನ್ನನೂ ಸೇರಿ ತಂಜಾವೂರು, ರಾಮನಾಥಪುರ, ಶಿವಗಂಗೆಗಳಲ್ಲಿ ಇಂಗ್ಲಿಷ್ ಶಾಲೆಗಳನ್ನು ತೆರೆದರು. 1787ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಇಂಥ ಪ್ರತಿ ಶಾಲೆಗೂ ವರ್ಷಕ್ಕೆ 250 ವರಹಗಳ ನೆರವು ಮಂಜೂರು ಮಾಡಿತು. ಇಲ್ಲಿ ಓದಲು ಬಂದವರಲ್ಲಿ ಮೇಲುಜಾತಿಯವರ ಮಕ್ಕಳು ಬಹಳ. ಬೈಬಲ್ಲಿಗಿಂತ ಅವರಿಗೆ ಬೇಕಾಗಿದ್ದುದು ಕಂಪನಿಯ ಕಚೇರಿಯ ಭಾಷೆ. ಇಂಗ್ಲಿಷ್ ಕಲಿತರೆ ಕೆಲಸ ಎಂಬ ಲೆಕ್ಕ ಆ ಕಾಲಕ್ಕೇ ಶುರುವಾಗಿತ್ತು. ಶ್ವಾರ್ಟ್ಸನ ಪೋಷಣೆಯಲ್ಲಿ ಬೆಳೆದ ಮರಾಠ ರಾಜಕುಮಾರ ಎರಡನೆಯ ಸರಫೋಜಿ ದೊರೆಯಾದ ಮೇಲೂ ಕ್ರೈಸ್ತನಾಗಲಿಲ್ಲ. ಆದರೆ ಗುರುವಿನ ನೆನಪಿಗೆ ಫ್ಲಾಕ್ಸ್‌ಮನ್ ಎಂಬ ಆಂಗ್ಲ ಶಿಲ್ಪಿಯಿಂದ ಅಮೃತಶಿಲೆಯ ಫಲಕ ಕೆತ್ತಿಸಿ ತಂಜಾವೂರಿನ ಕ್ರೈಸ್ತ ದೇವಾಲಯದಲ್ಲಿ ಇರಿಸಿದ.

ಶ್ವಾರ್ಟ್ಸನ ಇನ್ನೊಬ್ಬ ಶಿಷ್ಯ ವೇದನಾಯಗಂ ಶಾಸ್ತ್ರಿಯ ಕಥೆ ಬೇರೆ. ಬಾಲಕನಾಗಿದ್ದಾಗಲೇ ತಿರುನೆಲ್ವೇಲಿಯಿಂದ ತಂಜಾವೂರಿಗೆ ಬಂದು, ಮಿಷನ್ ಶಾಲೆಯಲ್ಲಿ ಓದಿ, ಅಲ್ಲಿಯೇ ಉಪಾಧ್ಯಾಯನಾಗಿ, ತಮಿಳು ಕ್ರೈಸ್ತ ಕಾವ್ಯದ ದೊಡ್ಡ ಹೆಸರಾದವನು. ಕುರವಂಜಿ ಎಂಬ ಜನಪ್ರಿಯ ತಮಿಳು ಪ್ರಕಾರದಲ್ಲಿ ಆತ ಬರೆದ ‘ಬೆತ್ಲಹೇಂ ಕುರವಂಜಿ’ಯಲ್ಲಿ ಕೋಪರ್ನಿಕಸನ ಖಗೋಳಶಾಸ್ತ್ರವೂ ಬರುತ್ತದೆ. ಅದೇ ಶಾಸ್ತ್ರಿ, 1820ರ ದಶಕದಲ್ಲಿ ಹೊಸ ತಲೆಮಾರಿನ ಪಾದ್ರಿಗಳು ಜಾತಿಭೇದ ತೊರೆಯಿರೆಂದು ಪಟ್ಟು ಹಿಡಿದಾಗ, ಹಳೆಯ ಗುರುಗಳು ಬಿಟ್ಟುಕೊಟ್ಟಿದ್ದನ್ನು ಕಸಿಯಲು ಇವರಾರು ಎಂದು ತಿರುಗಿಬಿದ್ದು ಕೆಲಸ ಕಳೆದುಕೊಂಡ. ಆಗ ಕೈಹಿಡಿದವನು ಹಿಂದೂ ದೊರೆ ಸರಫೋಜಿ. ಭೂಮಿ ಸೂರ್ಯನನ್ನು ಸುತ್ತುವುದನ್ನು ಒಪ್ಪಿದಾತನಿಗೆ ಸಹಪಂಕ್ತಿ ಒಪ್ಪಿಗೆಯಾಗಲಿಲ್ಲ.

ಮರಳಿನ ಅಕ್ಷರ ಈ ನಡುವೆ ಹಡಗು ಹತ್ತಿತ್ತು. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ, ಆತನೇನೂ ಲೂಥರನ್ ಅಲ್ಲ, ಜಗಲಿ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲೂ ಅದನ್ನೇ ಜಾರಿಗೆ ತಂದ. ದೊಡ್ಡ ಹುಡುಗ ಚಿಕ್ಕವನಿಗೆ ಕಲಿಸುವ ಕ್ರಮವನ್ನೂ ಸೇರಿಸಿ 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ. ‘ಮದರಾಸು ಪದ್ಧತಿ’ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಬಡಮಕ್ಕಳು ಮರಳ ತಟ್ಟೆಯ ಮುಂದೆ ಕುಳಿತರು. ಆಮೇಲೆ ಅದೇ ಪದ್ಧತಿ ಆಧುನಿಕ ಬೋಧನಾಕ್ರಮವೆಂಬ ಹಣೆಪಟ್ಟಿಯೊಂದಿಗೆ ಇಲ್ಲಿನ ಮಿಷನ್ ಶಾಲೆಗಳಿಗೆ ವಾಪಸು ಬಂತು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಪೂರ್ತಿ ಲೂಥರನ್ ಅಲ್ಲ; ಲೂಥರನರೂ ಸುಧಾರಿತ ಪಂಥದವರೂ ಕೂಡಿ ನಡೆಸಿದ ಸಂಸ್ಥೆ. ಆದರೆ ಬಂದವರಲ್ಲಿ ಹಲವರು ವುರ್ಟೆಂಬರ್ಗ್ ಸೀಮೆಯ ಲೂಥರನರು. ಶಾಲೆ, ಅಚ್ಚುಕೂಟ, ನಿಘಂಟುಗಳ ಅವರ ದಾರಿ ತರಂಗಂಬಾಡಿಯದೇ. ಹಣ ಕೂಡಿಸುವ ರೀತಿಯೂ ಹಾಗೆಯೇ: 1855ರಿಂದ ಸಾಮಾನ್ಯ ಜನರಿಂದ ವಾರಕ್ಕೆ ಅರ್ಧ ಬಾಟ್ಸನ್ ಎಂಬ ಚಿಲ್ಲರೆ ನಾಣ್ಯವನ್ನು ಮನೆಮನೆಯಿಂದ ಎತ್ತುತ್ತಿದ್ದರು. ತಂದೆ ತಾಯಂದಿರ ಹಳೆಯ ಅಂಜಿಕೆಯೂ ಜೊತೆಗೇ ಬಂತು. 1844ರಲ್ಲಿ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಮಂಗಳೂರಿನಲ್ಲಿ ದೊಡ್ಡ ಗದ್ದಲವೆದ್ದಿತು. ಆತ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿ ದೀಕ್ಷೆ ಪಡೆದು, ಮಂಗಳೂರಿಗೇ ಮರಳಿ ಬಂದು ಸೇವೆ ಸಲ್ಲಿಸಿದ.

ಡೇನರು 1845ರಲ್ಲಿ ತರಂಗಂಬಾಡಿಯನ್ನು ಬ್ರಿಟಿಷರಿಗೆ ಮಾರಿ ಹೊರಟುಹೋದರು. 1919ರಲ್ಲಿ ಸ್ಥಾಪನೆಯಾದ ತಮಿಳು ಇವಾಂಜಲಿಕಲ್ ಲೂಥರನ್ ಚರ್ಚಿನ ಬಿಷಪ್ಪರ ಕಚೇರಿ ತಿರುಚಿನಾಪಳ್ಳಿಯಲ್ಲಿದ್ದರೂ, ಅವರ ಪದವಿಯ ಹೆಸರು ಇಂದಿಗೂ ತರಂಗಂಬಾಡಿಯ ಬಿಷಪ್ ಎಂದೇ. 2004ರ ಸುನಾಮಿ ಈ ಊರನ್ನೂ ಬಡಿಯಿತು. ಜೀಗೆನ್‌ಬಾಲ್ಗ್ ವಾಸವಾಗಿದ್ದ ಜಾಗದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಹೊಸ ಜೆರುಸಲೇಮ್ ದೇವಾಲಯದ ಮುಂಭಾಗದಲ್ಲಿ ದೊರೆ ಫ್ರೆಡರಿಕ್ಕನ ಮುದ್ರೆ ಕಾಣುತ್ತದೆ. ಇಲ್ಲಿನವರು ಬರೆದುಕೊಟ್ಟ ತಮಿಳು ಓಲೆಗರಿಗಳನ್ನು ನೋಡಬೇಕಾದರೆ ಹಾಲೆಗೆ ಹೋಗಬೇಕು. ಫ್ರಾಂಕೆ ಕಟ್ಟಿಸಿದ ಸಂಸ್ಥೆಯ ಸಂಗ್ರಹದಲ್ಲಿ ಅವನ್ನು ಜೋಪಾನವಾಗಿ ಇಟ್ಟಿದ್ದಾರೆ.